ಫ್ಲಾಸ್ಕಿನ ಕೆಲಸ, ರಿಯಾಕ್ಟರಿನ ಲೆಕ್ಕ: ಪ್ರೋಸೆಸ್ ಡೆವಲಪ್‌ಮೆಂಟ್‌ನಲ್ಲಿ ಸಂಬಳ ಕೇಳುವ ಬಗೆ

ಪ್ರಶ್ನೆ: ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಬೊಮ್ಮಸಂದ್ರದ ಔಷಧ ಕಂಪನಿಯೊಂದರ ಪ್ರೋಸೆಸ್ ಆರ್ ಅಂಡ್ ಡಿಗೆ (ತಯಾರಿಕೆಯ ವಿಧಾನ ರೂಪಿಸುವ ವಿಭಾಗಕ್ಕೆ) ಸೇರಿ 4 ವರ್ಷ 7 ತಿಂಗಳಾಯಿತು. ಸಿಟಿಸಿ (ಕಂಪನಿ ವರ್ಷಕ್ಕೆ ನನ್ನ ಮೇಲೆ ಮಾಡುವ ಒಟ್ಟು ಖರ್ಚು) 7.2 ಲಕ್ಷ, ಕೈಗೆ ಬರುವುದು 48 ಸಾವಿರ ಚಿಲ್ಲರೆ. ನನಗಿಂತ ಒಂದು ವರ್ಷ ತಡವಾಗಿ ಸೇರಿದ ಸಹೋದ್ಯೋಗಿಗೆ ನನಗಿಂತ ಜಾಸ್ತಿ ಇದೆ ಅಂತ ಈಚೆಗೆ ಗೊತ್ತಾಯಿತು. ಪ್ಲಾಂಟ್ ಬ್ಯಾಚ್ ಇದ್ದಾಗ ಅವನನ್ನು ಕಳಿಸುತ್ತಾರೆ. ನೈಟ್ ಶಿಫ್ಟ್ ಇರುತ್ತದೆಂದು ನಮ್ಮನ್ನು, ಹೆಣ್ಣುಮಕ್ಕಳನ್ನು, ಕಳಿಸುವುದಿಲ್ಲ. ಹೈದರಾಬಾದಿನಿಂದ 9.2 ಲಕ್ಷದ ಆಫರ್ ಬಂದಿದೆ. ಹೋಗಲೇ? ಇಲ್ಲೇ ಕೇಳಿ ನೋಡಲೇ? ಪಿಎಚ್‌ಡಿ ಮಾಡು ಅನ್ನುತ್ತಾರೆ ಮನೆಯಲ್ಲಿ, ಕ್ಯೂಎಗೆ (ಗುಣಮಟ್ಟ ಖಾತರಿ ವಿಭಾಗಕ್ಕೆ) ಹೋಗು ಅನ್ನುತ್ತಾರೆ ಗೆಳತಿಯರು. ಈಗಿನ ಸಂಬಳದ ಪಟ್ಟಿ, ಆಫರಿನ ಪಟ್ಟಿ ಎರಡನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಮೊದಲು ಆಫರ್ ಬಿಡಿಸಿ ನೋಡೋಣ. ಅದಕ್ಕೆ ಉತ್ತರ ಕೊಡಲು ನಿಮಗಿರುವ ದಿನ ಕಡಿಮೆ.

7.2 ಎಲ್ಲಿ, 9.2 ಎಲ್ಲಿ, 28% ಏರಿಕೆ ಅಂತ ಕಾಣುತ್ತದೆ. ಆದರೆ ನೀವು ಕಳಿಸಿದ ಪಟ್ಟಿಯಲ್ಲಿ ಹೈದರಾಬಾದಿನ 9.2 ಲಕ್ಷದೊಳಗೆ 60,000 ರೂಪಾಯಿ ಜಾಯ್ನಿಂಗ್ ಬೋನಸ್ ಸೇರಿದೆ. ಅದು ಒಂದೇ ಸಲ ಬರುವ ಹಣ. ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ, ಖಾತರಿಯಿಲ್ಲದ ಭಾಗ) 15%, ಅಂದರೆ 1,38,000. ಇವೆರಡನ್ನೂ ತೆಗೆದರೆ ಉಳಿಯುವ ಖಾಯಂ ಮೊತ್ತ 7,22,000. ಈಗಿನ ಕಂಪನಿಯಲ್ಲಿ ವೇರಿಯಬಲ್ 10%, ಅದನ್ನು ತೆಗೆದರೆ ನಿಮ್ಮ ಖಾಯಂ ಮೊತ್ತ 6,48,000. ಏರಿಕೆ 74,000 ರೂಪಾಯಿ, ಅಂದರೆ ಸುಮಾರು 11%. ಎರಡೂ ಕಡೆ ವೇರಿಯಬಲ್‌ನಲ್ಲಿ 60% ಮಾತ್ರ ಕೈಗೆ ಬಂತು ಅಂತ ಇಟ್ಟುಕೊಂಡರೂ ಏರಿಕೆ 17% ದಾಟುವುದಿಲ್ಲ.

ಕೈಗೆ ಬರುವ ಲೆಕ್ಕ ಇನ್ನೂ ಬೇರೆ. ಈಗ ನಿಮ್ಮ ಬೇಸಿಕ್ 24,000, ಎಚ್‌ಆರ್‌ಎ 9,600, ಸ್ಪೆಷಲ್ ಅಲೊವೆನ್ಸ್ 16,846. ಒಟ್ಟು 50,446. ಪಿಎಫ್ ಅನ್ನು 15,000ದ ಮಿತಿಯ ಮೇಲೆ 12% ಲೆಕ್ಕದಲ್ಲಿ 1,800 ಹಿಡಿಯುತ್ತಾರೆ, ವೃತ್ತಿ ತೆರಿಗೆ 200. ಉಳಿಯುವುದು 48,446. ಹೊಸ ಕಂಪನಿ ಪಿಎಫ್ ಅನ್ನು ಪೂರ್ತಿ ಬೇಸಿಕ್ ಮೇಲೆ, ಅಂದರೆ 30,000ದ ಮೇಲೆ ಹಿಡಿಯುತ್ತದೆ. ತಿಂಗಳ 60,167ರಲ್ಲಿ ಕಂಪನಿಯ ಪಾಲಿನ ಪಿಎಫ್ 3,600, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಬಾಬ್ತು 1,443, ವಿಮೆ 600 ಮೊದಲೇ ಕಳೆಯುತ್ತದೆ. ಆಮೇಲೆ ನಿಮ್ಮ ಪಾಲಿನ 3,600 ಮತ್ತು ವೃತ್ತಿ ತೆರಿಗೆ 200. ಕೈಗೆ 50,724. ಮನೆ, ಊರು, ಭಾಷೆ ಎಲ್ಲ ಬದಲಿಸಿಕೊಂಡು ಹೋದರೆ ತಿಂಗಳಿಗೆ ಹೆಚ್ಚಾಗಿ ಕೈಗೆ ಸಿಗುವುದು 2,278 ರೂಪಾಯಿ! ಪಿಎಫ್‌ಗೆ ಹೋಗುವ ಹೆಚ್ಚುವರಿ 3,600 ನಿಮ್ಮದೇ ಉಳಿತಾಯ, ಅದನ್ನು ನಷ್ಟ ಅನ್ನಬೇಡಿ. ಆದರೆ ಹೈದರಾಬಾದಿನ ಬಾಡಿಗೆ ಕಟ್ಟುವುದು ಪಿಎಫ್‌ನಿಂದ ಅಲ್ಲ. ಈಗ ಕಂಪನಿ ಬಸ್ಸು ಮತ್ತು ಕ್ಯಾಂಟೀನ್ ಊಟ ಇದ್ದು ಅಲ್ಲಿ ಇಲ್ಲದಿದ್ದರೆ ಆ 2,278 ಮೊದಲ ವಾರದಲ್ಲೇ ಮುಗಿಯುತ್ತದೆ. ಆಫರಿನಲ್ಲಿ ಬಸ್ಸಿನ ಮಾತೇ ಇಲ್ಲ, ಕೇಳಿ.

ಇದಕ್ಕಿಂತ ದೊಡ್ಡ ಬಾಬ್ತು ಒಂದಿದೆ, ನಿಮ್ಮ ಪ್ರಶ್ನೆಯಲ್ಲಿ ಅದರ ಸುಳಿವೇ ಇಲ್ಲ: ಗ್ರಾಚ್ಯುಟಿ. ಖಾಯಂ ನೌಕರರಿಗೆ ಅದು ಐದು ವರ್ಷ ತುಂಬಿದ ಮೇಲೆ. ಕೊನೆಯ ಬೇಸಿಕ್ ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. ನಿಮ್ಮ ಲೆಕ್ಕದಲ್ಲಿ 24,000 × 15 ÷ 26 × 5 = 69,231 ರೂಪಾಯಿ. ಇದು ಕಡಿಮೆಯೆಂದರೆ ಬರುವ ಮೊತ್ತ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದ ಹೊರಗೆ ಇಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ನಿಮ್ಮ ಬೇಸಿಕ್ ಸಿಟಿಸಿಯ 40% ಮಾತ್ರ ಇರುವುದರಿಂದ ಗ್ರಾಚ್ಯುಟಿಯ ಆಧಾರ ಮೇಲೇರಬೇಕು. ಈಗ ರಾಜೀನಾಮೆ ಕೊಟ್ಟರೆ 90 ದಿನದ ನೋಟಿಸ್ ಮುಗಿಯುವ ಹೊತ್ತಿಗೆ 4 ವರ್ಷ 10 ತಿಂಗಳಾಗುತ್ತದೆ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂಬ ವಾದಕ್ಕೆ ಹೈಕೋರ್ಟ್ ತೀರ್ಪಿನ ಆಸರೆ ಇದೆ. ಆದರೆ ಎಲ್ಲ ಎಚ್‌ಆರ್‌ಗಳೂ ಅದನ್ನು ಒಪ್ಪುವುದಿಲ್ಲ, ನೀವು ಹೈದರಾಬಾದಿನಲ್ಲಿ ಕೂತು ಬೆಂಗಳೂರಿನಲ್ಲಿ ದಾವೆ ನಡೆಸುವುದೂ ಆಗದ ಮಾತು. ಅವರು ಕೊಡುವ ಜಾಯ್ನಿಂಗ್ ಬೋನಸ್ 60,000, ನೀವು ಬಿಟ್ಟು ಹೋಗುವುದು 69,231. ಹೀಗಿರುವಾಗ ಅದನ್ನು ಬೋನಸ್ ಎನ್ನಲು ಬರುವುದಿಲ್ಲ.

ಆದ್ದರಿಂದ ಆಫರನ್ನು ತಳ್ಳಿಹಾಕಬೇಡಿ, ತಿದ್ದಿಸಿ. ಜಾಯ್ನಿಂಗ್ ಬೋನಸ್ ಸಿಟಿಸಿಯ ಹೊರಗಿರಲಿ. ವೇರಿಯಬಲ್ 15%ರಿಂದ 8%ಕ್ಕೆ ಇಳಿದು ಉಳಿದದ್ದು ಖಾಯಂಗೆ ಸೇರಲಿ. ಸೇರುವ ದಿನ ಎರಡು ತಿಂಗಳು ಮುಂದೆ ಹೋಗಲಿ. ಈ ಲೆಕ್ಕದಲ್ಲಿ ಖಾಯಂ ಮೊತ್ತ 8,46,400 ಆಗುತ್ತದೆ. ಅಷ್ಟು ಕೊಡಲಾರರು ಅನ್ನಿ. 7.8 ಲಕ್ಷಕ್ಕೆ ಬಂದು ನಿಂತರೂ ಖಾಯಂನಲ್ಲಿ 20% ಏರಿದ ಹಾಗಾಯಿತು, ಅದು ಊರು ಬಿಡಲು ಯೋಗ್ಯವಾದ ಏರಿಕೆ. ಬೋನಸ್ ವಾಪಸಾತಿಯ ಷರತ್ತನ್ನು ಎರಡು ಸಲ ಓದಿ: ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಪೂರ್ತಿಯೋ ಉಳಿದ ತಿಂಗಳಿಗೆ ತಕ್ಕಷ್ಟೋ. ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ ಎಂಬ ಷರತ್ತು ಕೆಲಸ ಬಿಟ್ಟ ಮೇಲೆ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಆದರೆ ಕನಿಷ್ಠ ಅವಧಿಯ ಬಾಂಡ್ ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ವಲಯದ ಬ್ಯಾಂಕೊಂದರ ಮೂರು ವರ್ಷದ, 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಬಾಂಡೆಂದರೆ ಬರೀ ಬೆದರಿಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ನಿಮ್ಮನ್ನು ನಿಜಕ್ಕೂ ನೋಯಿಸಿರುವ ಮಾತು: ಕಿರಿಯನಿಗೆ ಹೆಚ್ಚು ಸಂಬಳ. ಇದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅವನು ಪ್ಲಾಂಟ್‌ಗೆ ಹೋಗುತ್ತಾನೆ, ನೀವು ಹೋಗಿಲ್ಲ. ಪ್ರೋಸೆಸ್ ಡೆವಲಪ್‌ಮೆಂಟ್‌ನಲ್ಲಿ ಕಂಪನಿ ಬೆಲೆ ಕೊಡುವುದು ಫ್ಲಾಸ್ಕಿನಲ್ಲಿ ಆದ ರಿಯಾಕ್ಷನ್‌ಗಿಂತ ಹೆಚ್ಚಾಗಿ ರಿಯಾಕ್ಟರಿನಲ್ಲೂ ಸರಿಯಾಗಿ ನಡೆದ ರಿಯಾಕ್ಷನ್‌ಗೆ. ನಿಮ್ಮನ್ನು ಪ್ಲಾಂಟ್‌ಗೆ ಕಳಿಸದಿರುವುದು ಕಾಳಜಿಯ ಮಾತಿನಂತೆ ಕೇಳಿಸಿದರೂ ಅದರ ಪರಿಣಾಮ ನಿಮ್ಮ ಸಂಬಳದ ಮೇಲೇ ಆಗುತ್ತಿದೆ.

ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. 2 ಲೀಟರ್ ಫ್ಲಾಸ್ಕಿನಲ್ಲಿ ಆಸಿಡ್ ಕ್ಲೋರೈಡ್ ಅನ್ನು 0ರಿಂದ 5 ಡಿಗ್ರಿಯಲ್ಲಿ ಅರ್ಧ ಗಂಟೆಯಲ್ಲಿ ಹನಿಹನಿಯಾಗಿ ಹಾಕಿದಿರಿ. ಬಿಸಿ ಏಳುತ್ತದೆ, ಐಸ್ ಬಾತ್ ತಡೆದುಕೊಳ್ಳುತ್ತದೆ, ಇಂಪ್ಯೂರಿಟಿ (ಬೇಡದ ಕಲ್ಮಶ) 0.08%. ಅದೇ ಹಂತ 2,000 ಲೀಟರಿನ ಜಿಎಲ್‌ಆರ್‌ಗೆ (ಒಳಗೆ ಗಾಜಿನ ಲೇಪವಿರುವ ರಿಯಾಕ್ಟರಿಗೆ) ಹೋದಾಗ ಒಳಗಿನ ದ್ರವ 1,000 ಪಟ್ಟು ಆಯಿತು, ತಂಪು ಕೊಡುವ ಹೊರಕವಚ, ಅಂದರೆ ಜಾಕೆಟ್, ತಾಗುವ ಗೋಡೆ ಮಾತ್ರ 100 ಪಟ್ಟು. ಒಂದು ಲೀಟರಿಗೆ ಸಿಗುವ ತಂಪು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಸಾಲದ್ದಕ್ಕೆ ಗಾಜಿನ ಲೇಪ ಶಾಖವನ್ನು ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ಅರ್ಧ ಗಂಟೆಯ ಡೋಸಿಂಗ್ ಅಲ್ಲಿ ಐದು ಗಂಟೆ ಹಿಡಿಯುತ್ತದೆ. ಆ ಐದು ಗಂಟೆಯೂ ಮೊದಲೇ ಆದ ಪ್ರಾಡಕ್ಟ್ ಬೇಸ್ (ಕ್ಷಾರ) ಜೊತೆ ಕೂತು ಎರಡನೇ ಸಲ ಅಸೈಲೇಟ್ ಆಗುತ್ತಿರುತ್ತದೆ, ಅಂದರೆ ಆಸಿಡ್ ಕ್ಲೋರೈಡ್ ಜೊತೆ ಮತ್ತೊಮ್ಮೆ ಸೇರಿ ಬೇಡದ ಪದಾರ್ಥವಾಗುತ್ತಿರುತ್ತದೆ. ಇಂಪ್ಯೂರಿಟಿ 0.19%ಕ್ಕೆ ಏರಿತು ಅನ್ನಿ. ದಿನದ ಡೋಸ್ 2 ಗ್ರಾಂ ಒಳಗಿನ ಔಷಧಗಳಿಗೆ ಐಸಿಎಚ್ ಕ್ಯೂ3ಎ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 0.10% ದಾಟಿದ ಇಂಪ್ಯೂರಿಟಿ ಏನೆಂದು ಗುರುತಿಸಲೇಬೇಕು. ಬ್ಯಾಚ್ ಹೋಲ್ಡ್ ಆಯಿತು.

ಇದನ್ನು ಮೊದಲೇ ಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಲ್ಯಾಬಿನಲ್ಲೇ ಸಿರಿಂಜ್ ಪಂಪ್ ಇಟ್ಟು ಐದು ಗಂಟೆ ಡೋಸ್ ಮಾಡಿ ಒಂದು ಪ್ರಯೋಗ, ಡೋಸಿಂಗ್ ಮುಗಿದ ಮೇಲೆ ಕ್ವೆಂಚ್ ಮಾಡದೆ (ರಿಯಾಕ್ಷನ್ ನಿಲ್ಲಿಸದೆ) ಎಂಟು ಗಂಟೆ ಬಿಟ್ಟು ಇನ್ನೊಂದು. ಇಂಪ್ಯೂರಿಟಿ ಅಳೆಯಲು ಗಂಟೆಗೊಮ್ಮೆ ಎಚ್‌ಪಿಎಲ್‌ಸಿ ಸ್ಯಾಂಪಲ್. ಎರಡು ದಿನದ ಕೆಲಸ ಇದು. ಹಾಗೆಯೇ ನಿಮ್ಮ ಪ್ರೊಸೀಜರಿನಲ್ಲಿ ‘ರೋಟಾದಲ್ಲಿ ಪೂರ್ತಿ ಒಣಗಿಸಿ’ (ರೋಟಾ ಅಂದರೆ ಸಾಲ್ವೆಂಟನ್ನು ಆವಿ ಮಾಡಿ ತೆಗೆಯುವ ಲ್ಯಾಬಿನ ಉಪಕರಣ) ಎಂಬ ಸಾಲು ಇದ್ದರೆ ಈಗಲೇ ತೆಗೆಯಿರಿ. ಪ್ಲಾಂಟ್ ರಿಯಾಕ್ಟರಿನಲ್ಲಿ ಕಲಕುವ ಕೋಲು ಮುಟ್ಟುವ ಮಟ್ಟಕ್ಕಿಂತ ಕೆಳಗೆ ಡಿಸ್ಟಿಲ್ ಮಾಡಲು ಬರುವುದಿಲ್ಲ. ಡಿಸ್ಟಿಲ್ ಮಾಡುತ್ತಾ ಮುಂದಿನ ಸಾಲ್ವೆಂಟ್ ಸೇರಿಸುತ್ತಾ ಹಳೆಯದನ್ನು ಓಡಿಸಬೇಕು, ಹಳೆಯದು ಎಷ್ಟು ಉಳಿದರೆ ಕ್ರಿಸ್ಟಲ್ ಬೀಳುವುದು ಕೆಡುತ್ತದೆ ಎಂಬ ಮಿತಿ ಗೊತ್ತಿರಬೇಕು. ಫಿಲ್ಟರೇಷನ್ ಕೂಡ ಹಾಗೇ. ಲ್ಯಾಬಿನ ಬುಕ್ನರ್ ಫನೆಲ್‌ನಲ್ಲಿ ಐದು ನಿಮಿಷಕ್ಕೆ ಇಳಿದ ಸೂಜಿಯಂಥ ಸಣ್ಣ ಕ್ರಿಸ್ಟಲ್ ಸೆಂಟ್ರಿಫ್ಯೂಜಿನ ಚೀಲ ಕಟ್ಟಿಸಿ ಇಡೀ ಶಿಫ್ಟ್ ತಿನ್ನುತ್ತದೆ. ಸೀಡ್ (ಅದೇ ಪದಾರ್ಥದ ಒಂದಿಷ್ಟು ಕ್ರಿಸ್ಟಲ್) ಹಾಕಿ ಗಂಟೆಗೆ 10 ಡಿಗ್ರಿಯಂತೆ ನಿಧಾನಕ್ಕೆ ತಣಿಸಿದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ.

ನಾಲ್ಕೂವರೆ ವರ್ಷದಲ್ಲಿ ಇಂಥ ಪ್ರಯೋಗಗಳನ್ನು ನೀವು ಮಾಡಿಯೇ ಇರುತ್ತೀರಿ. ಅದರ ಫಲ ಪ್ಲಾಂಟಿನಲ್ಲಿ ಕಂಡಾಗ ಅಲ್ಲಿ ನಿಂತಿದ್ದವನ ಹೆಸರು ಮೀಟಿಂಗಿನಲ್ಲಿ ಬರುತ್ತದೆ, ಲ್ಯಾಬಿನಲ್ಲಿ ಎರಡು ದಿನ ಡೋಸ್ ಮಾಡಿದವರ ಹೆಸರು ಬರುವುದಿಲ್ಲ. ಈ ಅನ್ಯಾಯ ದೊಡ್ಡದು, ಮತ್ತು ತೀರಾ ಸಾಮಾನ್ಯವಾದದ್ದು. ಆದ್ದರಿಂದ ಸಂಬಳಕ್ಕಿಂತ ಮೊದಲು ಪ್ಲಾಂಟ್ ಕೇಳಿ. ಹೊಸ ಸಂಹಿತೆಯಲ್ಲಿ ಹೆಣ್ಣುಮಕ್ಕಳು ತಮ್ಮ ಒಪ್ಪಿಗೆಯಿದ್ದರೆ ಸಂಜೆ 7ರ ನಂತರ, ಬೆಳಗ್ಗೆ 6ರ ಮೊದಲು ಕೆಲಸ ಮಾಡಬಹುದು, ಸುರಕ್ಷತೆಯ ವ್ಯವಸ್ಥೆ ಮಾಲೀಕರ ಹೊಣೆ. ಒಪ್ಪಿಗೆ ಕೊಡುವುದೂ ಬಿಡುವುದೂ ನಿಮ್ಮ ಹಕ್ಕು, ಅದನ್ನು ನಿಮ್ಮ ಪರವಾಗಿ ಮ್ಯಾನೇಜರ್ ನಿರ್ಧರಿಸುವಂತಿಲ್ಲ. ರಾತ್ರಿ ಬೇಡವೆನಿಸಿದರೂ ದಾರಿ ಇದೆ. ನಿರ್ಣಾಯಕ ಹಂತಗಳಾದ ಡೋಸಿಂಗ್, ಕ್ವೆಂಚ್, ಸೀಡಿಂಗ್ ಹಗಲಿನಲ್ಲಿ ಬರುವಂತೆ ಬ್ಯಾಚ್ ಚಾರ್ಜಿಂಗ್ ಸಮಯ ಇಟ್ಟುಕೊಳ್ಳಲು ಪ್ರೊಡಕ್ಷನ್‌ನವರು ಬಹಳ ಸಲ ಒಪ್ಪುತ್ತಾರೆ, ಅವರಿಗೂ ರಾತ್ರಿ ತೊಂದರೆ ಬೇಕಿಲ್ಲ. ಬಾಯಿಮಾತಿನಲ್ಲಿ ಬಿಡಬೇಡಿ. ‘ಮುಂದಿನ ಟೆಕ್ ಟ್ರಾನ್ಸ್‌ಫರ್‌ನಲ್ಲಿ ಮೊದಲ ಮೂರು ಬ್ಯಾಚಿಗೆ ನಾನು ಪ್ಲಾಂಟಿನಲ್ಲಿ ಇರಲು ಬಯಸುತ್ತೇನೆ, ರಾತ್ರಿ ಶಿಫ್ಟ್‌ಗೆ ನನ್ನ ಒಪ್ಪಿಗೆ ಇದೆ, ವಾಹನದ ವ್ಯವಸ್ಥೆ ತಿಳಿಸಿ’ ಅಂತ ಮೇಲ್ ಹಾಕಿ (ಟೆಕ್ ಟ್ರಾನ್ಸ್‌ಫರ್ ಅಂದರೆ ಲ್ಯಾಬಿನ ವಿಧಾನವನ್ನು ಪ್ಲಾಂಟಿಗೆ ದಾಟಿಸುವುದು). ಗಂಡುಹೆಣ್ಣೆಂದು ಒಂದೇ ಅಥವಾ ಹೋಲುವ ಕೆಲಸಕ್ಕೆ ಬೇರೆ ವೇತನ ಕೊಡುವಂತಿಲ್ಲ ಎಂದು ವೇತನ ಸಂಹಿತೆ ಹೇಳುತ್ತದೆ. ಆದರೆ ಇಂದು ಆ ಮಾತು ತೆಗೆದರೆ ‘ಅವನ ಕೆಲಸವೇ ಬೇರೆ, ಪ್ಲಾಂಟ್ ನೋಡಿಕೊಳ್ಳುತ್ತಾನೆ’ ಎಂಬ ಉತ್ತರ ಅವರ ಬಳಿ ಸಿದ್ಧವಿದೆ. ನಿಮ್ಮ ಮೇಲ್ ಮತ್ತು ಅದಕ್ಕೆ ಬಂದ ಉತ್ತರ ಕೈಯಲ್ಲಿದ್ದರೆ ಆ ಉತ್ತರಕ್ಕೆ ಬಲವಿರುವುದಿಲ್ಲ.

ಈಗ ಸಂಬಳದ ಮಾತು. ‘ಕಷ್ಟಪಟ್ಟು ದುಡಿದಿದ್ದೇನೆ’ ಎಂಬುದಕ್ಕೆ ಯಾವ ಕಂಪನಿಯಲ್ಲೂ ಬಜೆಟ್ ಇಲ್ಲ. ಕಿಲೋ, ಗಂಟೆ, ರೂಪಾಯಿಯಲ್ಲಿ ಹೇಳಿದ್ದಕ್ಕೆ ಇದೆ. ಒಂದು ಕಿಲೋ ಇಂಟರ್ಮೀಡಿಯೆಟ್‌ನಿಂದ 0.80 ಕಿಲೋ ಬರುತ್ತಿದ್ದ ಹಂತವನ್ನು ನೀವು 0.88ಕ್ಕೆ ತಂದಿರಿ ಅಂತ ಇಟ್ಟುಕೊಳ್ಳಿ. ಇಂಟರ್ಮೀಡಿಯೆಟ್ ಬೆಲೆ ಕಿಲೋಗೆ 6,000 ಆದರೆ ಮೊದಲು ಒಂದು ಕಿಲೋ ಪ್ರಾಡಕ್ಟಿಗೆ 7,500 ಬೀಳುತ್ತಿತ್ತು, ಈಗ 6,818. ಕಿಲೋಗೆ 682 ಉಳಿಯಿತು. ವರ್ಷಕ್ಕೆ 12 ಟನ್ ಮಾಡಿದರೆ 81.8 ಲಕ್ಷ. ಸಮಯದ್ದೂ ಹೀಗೇ: ಎಲ್ಲಕ್ಕಿಂತ ನಿಧಾನದ ಉಪಕರಣದಲ್ಲಿ ಬ್ಯಾಚಿಗೆ 36 ಗಂಟೆ ಹಿಡಿಯುತ್ತಿದ್ದದ್ದು 27 ಆದರೆ ತಿಂಗಳಿಗೆ 20 ಬ್ಯಾಚ್ ಇದ್ದದ್ದು 26 ಆಗುತ್ತದೆ. ಇಡೀ ಮೊತ್ತ ನಿಮ್ಮೊಬ್ಬರದೇ ಅನ್ನಬೇಡಿ, ಅನಲಿಟಿಕಲ್‌ನವರು, ಪ್ರೊಡಕ್ಷನ್‌ನವರು ಇದ್ದಾರೆ. ‘ಈ ಬದಲಾವಣೆ ಸೂಚಿಸಿ ಲ್ಯಾಬಿನಲ್ಲಿ ಸಾಬೀತು ಮಾಡಿದ್ದು ನಾನು’ ಅನ್ನುವಷ್ಟೇ ಸಾಕು, ಅದು ನೋಟ್‌ಬುಕ್ಕಿನಲ್ಲಿ ನಿಮ್ಮ ಸಹಿಯ ಜೊತೆ ಇರುತ್ತದೆ. ಪೇಟೆಂಟ್ ಅರ್ಜಿ ಹೋಗುತ್ತಿದ್ದರೆ ಇನ್ವೆಂಟರ್ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಡ್ರಾಫ್ಟ್ ಹಂತದಲ್ಲೇ ನೋಡಿ.

ಈ ಲೆಕ್ಕ ಬರೆದಿಡುವಾಗ ಒಂದು ಎಚ್ಚರ. ಮಾಲಿಕ್ಯೂಲ್ ಹೆಸರು, ಗ್ರಾಹಕರ ಹೆಸರು, ಬ್ಯಾಚ್ ನಂಬರ್, ಪ್ರೊಸೀಜರ್ ಯಾವುದನ್ನೂ ಮನೆಗೆ ಒಯ್ಯಬೇಡಿ, ಸ್ವಂತ ಜಿಮೇಲ್‌ಗೆ ಕಳಿಸಲೇಬೇಡಿ. ಒಳ್ಳೆಯ ಕೆಲಸಗಾರರು ಕೆಲಸ ಕಳೆದುಕೊಳ್ಳುವುದು ಇಲ್ಲೇ. ಇಂಟರ್‌ವ್ಯೂನಲ್ಲೂ ‘ಒಂದು ಅಸೈಲೇಷನ್ ಹಂತ, 2 ಕೆಎಲ್ (2,000 ಲೀಟರ್), ಇಳುವರಿ 10% ಏರಿತು, ಕಾರಣ ಇದು’ ಎಂದರೆ ಸಾಕು. ಹೆಸರು ಬಾಯಿಬಿಡುವ ಅಭ್ಯರ್ಥಿ ನಾಳೆ ತಮ್ಮ ಗುಟ್ಟನ್ನೂ ಬಿಡುತ್ತಾರೆಂದು ಕೇಳುವವರಿಗೆ ಗೊತ್ತು.

ಕೇಳುವ ಕಾಲವೂ ಮುಖ್ಯ. ಏಪ್ರಿಲ್‌ನಲ್ಲಿ ಅಪ್ರೈಸಲ್ ಪತ್ರ ಬರುವ ಕಂಪನಿಯಲ್ಲಿ ಮಾರ್ಚಿನಲ್ಲಿ ಕೇಳಿದರೆ ಹಣ ಆಗಲೇ ಹಂಚಿಹೋಗಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ, ಮ್ಯಾನೇಜರ್ ತನ್ನ ಬಜೆಟ್ ಬರೆಯುವ ಮೊದಲು ಕೂತು ಮಾತಾಡಿ. ಒಂದು ಪುಟದ ಟಿಪ್ಪಣಿ ಮುಂದಿಟ್ಟು ಹೀಗೆ ಶುರು ಮಾಡಬಹುದು: ‘ಸರ್, ಈ ವರ್ಷ ನಾನು ಮಾಡಿದ ಎರಡು ಹಂತ ಪ್ಲಾಂಟ್‌ಗೆ ಹೋದವು. ಅದರಿಂದ ಉಳಿದದ್ದು ಇಲ್ಲಿ ಬರೆದಿದ್ದೇನೆ, ಪ್ರೊಡಕ್ಷನ್‌ನವರೂ ನೋಡಿ ಒಪ್ಪಿದ್ದಾರೆ. ನನ್ನ ಖಾಯಂ ಸಂಬಳ 6.48 ಇದೆ. ಹೊರಗೆ ಇದೇ ಕೆಲಸಕ್ಕೆ 7.8 ಸಿಗುತ್ತದೆ. ಇಲ್ಲೇ ಇರಬೇಕೆಂದಿದ್ದೇನೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.’ 7.8 ಎಂಬ ಅಂಕಿಯನ್ನು ಹೈದರಾಬಾದಿನವರು ಬರವಣಿಗೆಯಲ್ಲಿ ಕೊಟ್ಟ ಮೇಲಷ್ಟೇ ಬಾಯಿಗೆ ತನ್ನಿ. ಸಹೋದ್ಯೋಗಿಯ ಹೆಸರನ್ನಾಗಲಿ ಸಂಬಳವನ್ನಾಗಲಿ ಎತ್ತಬೇಡಿ, ಮಾತು ಕೆಲಸ ಬಿಟ್ಟು ‘ಯಾರು ಹೇಳಿದ್ದು’ ಎಂಬಲ್ಲಿಗೆ ತಿರುಗುತ್ತದೆ. ‘ನಿಮ್ಮ ಗ್ರೇಡಿನ ಮಿತಿ ಮುಟ್ಟಿದೆ’ ಎಂಬ ಉತ್ತರ ಬಂದರೆ ಗ್ರೇಡ್ ಏರಲು ಏನು ಬೇಕು, ಯಾವ ತಿಂಗಳಿಗೆ ಎಂದು ಕೇಳಿ ಅದೇ ದಿನ ಸಂಜೆ ಮೇಲ್‌ನಲ್ಲಿ ದಾಖಲಿಸಿ. ‘ಮುಂದಿನ ಸಲ ನೋಡೋಣ’ ಅಂದರೆ ಆಯಿತು ಅಂತ ಎದ್ದು ಬರಬೇಡಿ, ಮೊತ್ತ ಮತ್ತು ದಿನಾಂಕ ಇಲ್ಲದ ಭರವಸೆಗೆ ಬೆಲೆ ಇಲ್ಲ. ರಾಜೀನಾಮೆ ಕೊಟ್ಟ ಮೇಲೆ ‘ಸರಿಹೊಂದಿಸುತ್ತೇವೆ, ಇರಿ’ ಎಂದರೂ ಸಂಬಳದ ಹೊಸ ಪಟ್ಟಿ ಸಹಿಯಾಗಿ ಬರುವವರೆಗೆ ರಾಜೀನಾಮೆ ಹಿಂದೆ ತೆಗೆದುಕೊಳ್ಳಬಾರದು.

ಕ್ಯೂಎ ಬಗ್ಗೆ: ಒಳ್ಳೆಯ ಕೆಲಸವೇ, ಆದರೆ ಡೀವಿಯೇಷನ್, ಆಡಿಟ್, ದಾಖಲೆ ಇವುಗಳಲ್ಲಿ ಮನಸ್ಸು ನಿಲ್ಲುವವರಿಗೆ. ಪ್ಲಾಂಟ್ ಸಿಗಲಿಲ್ಲವೆಂಬ ಬೇಸರದಲ್ಲಿ ಹೋದರೆ ನಾಲ್ಕೂವರೆ ವರ್ಷದ ಕೆಮಿಸ್ಟ್ರಿ ಹಿಂದೆ ಉಳಿಯುತ್ತದೆ. ನಿಮ್ಮ ಅನುಭವ ಸೀದಾ ಉಪಯೋಗಕ್ಕೆ ಬರುವುದು ಟೆಕ್ ಟ್ರಾನ್ಸ್‌ಫರ್, ಕ್ರಿಸ್ಟಲೈಸೇಷನ್ ಗುಂಪು, ಇಲ್ಲವೇ ಪ್ರೋಸೆಸ್ ಸೇಫ್ಟಿಯಲ್ಲಿ. ಕೊನೆಯದನ್ನು ಗಂಭೀರವಾಗಿ ಯೋಚಿಸಿ. 2025ರ ಜೂನ್ 30ರಂದು ಹೈದರಾಬಾದ್ ಬಳಿಯ ಪಾಶಮೈಲಾರಂನ ಔಷಧ ಕಾರ್ಖಾನೆಯ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಡಿಎಸ್‌ಸಿ (ಬಿಸಿ ಮಾಡಿದಾಗ ಪದಾರ್ಥ ಬಿಡುವ ಶಾಖ ಅಳೆಯುವ ಉಪಕರಣ) ಗ್ರಾಫ್ ಓದಿ, ರಿಯಾಕ್ಷನ್ ಕ್ಯಾಲರಿಮೀಟರಿನ ಅಂಕಿ ಹಿಡಿದು ‘ಕೂಲಿಂಗ್ ನಿಂತರೆ ಒಳಗಿನ ಉಷ್ಣಾಂಶ ಎಲ್ಲಿಗೆ ಹೋಗುತ್ತದೆ’ ಎಂದು ಹೇಳಬಲ್ಲ ಕೆಮಿಸ್ಟ್‌ಗಳು ನಮ್ಮಲ್ಲಿ ಕಡಿಮೆ. ಆ ಕೆಲಸಕ್ಕೆ ಬೆಲೆಯೂ ಇದೆ, ಜೀವ ಉಳಿಸುವ ಕೆಲಸವೂ ಹೌದು. ಹೈದರಾಬಾದಿನವರನ್ನೂ ಕೇಳಿ: ಸ್ಕೇಲಪ್‌ಗೆ ಮುಂಚೆ ಸೇಫ್ಟಿ ಡೇಟಾ ಯಾರು ತೆಗೆಯುತ್ತಾರೆ? ತಡವರಿಸಿದರೆ ಎಷ್ಟೇ ಸಂಬಳವಾದರೂ ಅಲ್ಲಿಗೆ ಹೋಗಬೇಡಿ.

ಪಿಎಚ್‌ಡಿ ಸಂಬಳಕ್ಕಾಗಿ ಬೇಡ. ಸಿಎಸ್‌ಐಆರ್ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000, ಜೊತೆಗೆ ಎಚ್‌ಆರ್‌ಎ. ಐದು ವರ್ಷ ಅಷ್ಟರಲ್ಲಿ ಇರಬೇಕು. ಹೊಸ ರೂಟ್ ಹುಡುಕುವ ಕೆಲಸ, ವಿದೇಶದ ಅವಕಾಶ, ಗುಂಪಿನ ಮುಖ್ಯಸ್ಥೆಯಾಗುವ ಆಸೆ ಇದ್ದರೆ ಅದು ಬಾಗಿಲು ತೆರೆಯುತ್ತದೆ, ಪದವಿ ನೋಡಿ ಹುದ್ದೆ ಕೊಡುವ ಕಂಪನಿಗಳು ಇವೆ. ಸ್ಕೇಲಪ್‌ನಲ್ಲೇ ಬೆಳೆಯಬೇಕೆಂದರೆ ಶಾಖದ ಲೆಕ್ಕ, ಮಿಕ್ಸಿಂಗ್, ಡಿಒಇ (ಹಲವು ಅಂಶಗಳನ್ನು ಒಟ್ಟಿಗೆ ಬದಲಿಸಿ ನೋಡುವ ಪ್ರಯೋಗ ಯೋಜನೆ) ಕಲಿಯಿರಿ. ಮೂರು ಅಂಶ, ಎರಡು ಮಟ್ಟ, 8 ಪ್ರಯೋಗ, ಮಧ್ಯಬಿಂದುವಿನಲ್ಲಿ ಇನ್ನು 3. ಒಟ್ಟು 11 ಫ್ಲಾಸ್ಕ್, ಮೂರು ವಾರ. ನಿಮ್ಮ ಮುಂದಿನ ಹಂತದಲ್ಲೇ ಮಾಡಿ ನೋಡಿ.

ಈ ವಾರ ಮೊದಲು ಹೈದರಾಬಾದಿಗೆ ಉತ್ತರ ಹೋಗಲಿ. ‘ಆಫರಿಗೆ ಧನ್ಯವಾದ. ಸೇರಲು ಆಸಕ್ತಿ ಇದೆ. ಈಗಿನ ಸಂಸ್ಥೆಯಲ್ಲಿ ಐದು ವರ್ಷ ತುಂಬಲು ಐದು ತಿಂಗಳಿದೆ, ಮೊದಲೇ ಬಿಟ್ಟರೆ 69,231 ರೂಪಾಯಿ ಗ್ರಾಚ್ಯುಟಿ ಕೈತಪ್ಪುತ್ತದೆ. ಆದ್ದರಿಂದ ಸೇರುವ ದಿನವನ್ನು ಅದರ ನಂತರಕ್ಕೆ ಇಡಿ, ಇಲ್ಲವೇ ಅಷ್ಟು ಮೊತ್ತವನ್ನು ಜಾಯ್ನಿಂಗ್ ಬೋನಸ್‌ಗೆ ಸೇರಿಸಿ ಸಿಟಿಸಿಯ ಹೊರಗಿಡಿ. ವೇರಿಯಬಲ್ ಅನ್ನು 8%ಕ್ಕೆ ಇಳಿಸಿ ಖಾಯಂ ಮೊತ್ತ ಪರಿಷ್ಕರಿಸಿದ ಪಟ್ಟಿ ಕಳಿಸಬೇಕಾಗಿ ಕೋರಿಕೆ.’ ಇಷ್ಟೇ ಬರೆಯಿರಿ. ಹೊಸ ಪಟ್ಟಿ ಕೈಗೆ ಬರುವ ತನಕ ಇಲ್ಲಿ ರಾಜೀನಾಮೆ ಕೊಡಬೇಡಿ.